ಕೆಂಧೂಳು ಮತ್ತು ಇಲಿಯ ಶ್ವಾಸಕೋಶ

ಸಂಡೂರಿನಿಂದ ತೋರಣಗಲ್ಲಿನ ಕಡೆ ಅದಿರು ಲಾರಿ ಓಡುವ ರಸ್ತೆಯ ಪಕ್ಕ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ಕೊಡುವುದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಪಂಚೆಗೆ ಅಂಟಿದ್ದು ಬಹುಪಾಲು ದಪ್ಪ ಕಣ. ಉಸಿರಾಡಿದರೂ ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶದ ಗಾಳಿಚೀಲದವರೆಗೆ ಇಳಿಯುವುದು ಸುಮಾರು 4 ಮೈಕ್ರೊಮೀಟರಿಗಿಂತ ಸಣ್ಣದು. ಅದರ ಒಂದೊಂದು ಕಣ ಬರಿಗಣ್ಣಿಗೆ ಕಾಣದು.

ಇಂಥ ಧೂಳಿನ ಗುಣ ತಿಳಿಯಲು ಇಲಿಗೆ ಅದನ್ನು ಉಸಿರಾಡಿಸಿ ನೋಡುವ ಕ್ರಮವಿದೆ. ರಾಸಾಯನಿಕಗಳ ಪರೀಕ್ಷಾ ಕ್ರಮವನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 413ನೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, ಒಟ್ಟು 13 ವಾರ. ಧೂಳಿನ ಕನಿಷ್ಠ ಮೂರು ಮಟ್ಟ, ಜೊತೆಗೆ ಶುದ್ಧ ಗಾಳಿಯ ಒಂದು ಗುಂಪು. ಇಲಿಯನ್ನು ಕೊಳವೆಯೊಳಗೆ ಕೂರಿಸಿ ಮೂತಿಯನ್ನಷ್ಟೇ ಧೂಳಿಗೆ ಒಡ್ಡುತ್ತಾರೆ. ಇಡೀ ಮೈ ಒಡ್ಡಿದರೆ ತುಪ್ಪಳಕ್ಕೆ ಕೂತಿದ್ದನ್ನು ಇಲಿ ನೆಕ್ಕಿ ನುಂಗುತ್ತದೆ, ಉಸಿರಿಗೆ ಹೋದದ್ದೆಷ್ಟು ಹೊಟ್ಟೆಗೆ ಹೋದದ್ದೆಷ್ಟು ಎಂದು ಬಿಡಿಸಲಾಗದು.

ಇಲಿಗಿಂತ ಹೆಚ್ಚು ಸತಾಯಿಸುವುದು ಪುಡಿ. ಅದನ್ನು ಒಣಗಿಸಿ, ಒತ್ತಿ ತುಂಬಿ, ತಿರುಗುವ ಕುಂಚದಿಂದ ಸ್ವಲ್ಪಸ್ವಲ್ಪವೇ ಕೆರೆದು ಗಾಳಿಗೆ ಬಿಡಬೇಕು. ತೇವ ಹಿಡಿದರೆ ಗಂಟು ಕಟ್ಟುತ್ತದೆ, ತೀರಾ ಒಣಗಿದರೆ ಸ್ಥಾಯಿ ವಿದ್ಯುತ್ತಿನಿಂದ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಯಂತ್ರಕ್ಕೆ ಸುರಿದ ತೂಕವನ್ನು ನಂಬುವಂತಿಲ್ಲ. ಮೂತಿಯ ಮಟ್ಟದಲ್ಲೇ ಫಿಲ್ಟರ್ ಇಟ್ಟು ಗಾಳಿ ಎಳೆದು, ಫಿಲ್ಟರಿನ ತೂಕ ಎಷ್ಟು ಏರಿತೆಂದು ನೋಡಬೇಕು. ಕಣದ ಸರಾಸರಿ ವಾಯುಗತ ವ್ಯಾಸ, ಅಂದರೆ ಗಾಳಿಯಲ್ಲಿ ಅದರಷ್ಟೇ ವೇಗವಾಗಿ ಇಳಿಯುವ ನೀರಹನಿಯ ವ್ಯಾಸ, 2 ಮೈಕ್ರೊಮೀಟರ್ ದಾಟಬಾರದು. ಇಲ್ಲೊಂದು ಮೋಸವಿದೆ: ಹೆಮಟೈಟಿನ ಸಾಂದ್ರತೆ ನೀರಿನ 5.2 ಪಟ್ಟು, ಅದರ ವರ್ಗಮೂಲ ಸುಮಾರು 2.3. ಅಂದರೆ ಸೂಕ್ಷ್ಮದರ್ಶಕದಲ್ಲಿ 1 ಮೈಕ್ರೊಮೀಟರ್ ಕಾಣುವ ಕಣ ಗಾಳಿಯಲ್ಲಿ 2.3ರ ಕಣದಂತೆ ನಡೆದುಕೊಳ್ಳುತ್ತದೆ. ಪುಡಿಯನ್ನು 0.9ಕ್ಕಿಂತ ಸಣ್ಣಗೆ ಅರೆಯಲೇಬೇಕು.

ಈಗ ಲೆಕ್ಕ. ಇಲಿ ನಿಮಿಷಕ್ಕೆ ಸುಮಾರು 0.2 ಲೀಟರ್ ಉಸಿರಾಡುತ್ತದೆ, 6 ಗಂಟೆಗೆ 72 ಲೀಟರ್. ಘನ ಮೀಟರಿಗೆ 10 ಮಿಲಿಗ್ರಾಂ ಧೂಳಿದ್ದರೆ ಒಳಹೋಗುವುದು 0.72 ಮಿಲಿಗ್ರಾಂ, ಗಾಳಿಚೀಲದಲ್ಲಿ ಉಳಿಯುವುದು ಹೆಚ್ಚೆಂದರೆ ಹತ್ತರಲ್ಲೊಂದು ಪಾಲು. ಅದನ್ನು ನುಂಗಿ ಹೊತ್ತೊಯ್ಯುವ ಕೆಲಸ ಮ್ಯಾಕ್ರೊಫೇಜ್ ಕೋಶಗಳದು. ಅರ್ಧ ಖಾಲಿ ಮಾಡಲು ಇಲಿಗೆ 60–70 ದಿನ ಬೇಕು. ಮ್ಯಾಕ್ರೊಫೇಜ್ ತನ್ನ ಗಾತ್ರದ ಶೇ 6ರಷ್ಟು ಧೂಳು ತುಂಬಿಕೊಂಡಾಗ ನಿಧಾನವಾಗುತ್ತದೆ, ಶೇ 60ಕ್ಕೆ ನಿಂತೇಬಿಡುತ್ತದೆ. ಇಲಿಯ ಶ್ವಾಸಕೋಶದಲ್ಲಿ ಇಂಥ ಕೋಶ ಸುಮಾರು ಎರಡೂವರೆ ಕೋಟಿ. ಶೇ 6ರ ಗಡಿ ಹೆಮಟೈಟಿನ ತೂಕದಲ್ಲಿ ಸುಮಾರು 8 ಮಿಲಿಗ್ರಾಂ. ಒರಟು ಲೆಕ್ಕವೇ, ಆದರೂ 13 ವಾರದ ಕೊನೆಗೆ ಘನ ಮೀಟರಿಗೆ 10 ಮಿಲಿಗ್ರಾಂ ಉಸಿರಾಡಿದ ಗುಂಪಿನಲ್ಲಿ 3 ಮಿಲಿಗ್ರಾಂ ಮುಟ್ಟುವುದೂ ಕಷ್ಟ. 50 ಮಿಲಿಗ್ರಾಂ ಉಸಿರಾಡುವ ಗುಂಪಾದರೆ ಗಡಿ ದಾಟಿ ಹೋಗುತ್ತದೆ.

ಗಡಿ ದಾಟಿದ ಮೇಲೆ ಕಾಣುವ ಉರಿಯೂತ ಕಬ್ಬಿಣದ ವಿಷವಲ್ಲ, ಕಸ ಹೊರುವ ಕೆಲಸ ನಿಂತದ್ದರ ಫಲ. 1985ರಲ್ಲಿ ವರದಿಯಾದ ಎರಡು ವರ್ಷದ ಪ್ರಯೋಗದಲ್ಲಿ ಘನ ಮೀಟರಿಗೆ 250 ಮಿಲಿಗ್ರಾಂ ಟೈಟಾನಿಯಂ ಡೈಆಕ್ಸೈಡ್ ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಗೆಡ್ಡೆ ಬಂತು. ಅದೇ ಬಗೆಯ ಧೂಳನ್ನು ಇಲಿಯಂಥದೇ ಇನ್ನೊಂದು ಪ್ರಾಣಿ ಹ್ಯಾಮ್‌ಸ್ಟರ್ ಬೇಗ ಹೊರಹಾಕುತ್ತದೆ. ಯಾವ ಪ್ರಾಣಿ ಎಂಬುದನ್ನು ಬಿಟ್ಟು ಬರೀ ಫಲಿತಾಂಶ ಹೇಳುವವರನ್ನು ನಂಬಬೇಡಿ.

ಬಾಟಲಿಯ ಶುದ್ಧ ಹೆಮಟೈಟೂ ಸಂಡೂರಿನ ರಸ್ತೆಧೂಳೂ ಒಂದೇ ಅಲ್ಲ. ಇಲ್ಲಿನ ಅದಿರಿನ ಜೊತೆಗೇ ಹೆಮಟೈಟ್ ಮತ್ತು ಕ್ವಾರ್ಟ್ಜ್ (ಬೆಣಚುಕಲ್ಲಿನ ಖನಿಜ) ಪಟ್ಟೆಪಟ್ಟೆಯಾಗಿರುವ ಕಲ್ಲು ಬರುತ್ತದೆ, ಗಣಿಯವರ ಬಾಯಲ್ಲಿ ಬಿಎಚ್‌ಕ್ಯೂ. ಕ್ವಾರ್ಟ್ಜ್ ಮ್ಯಾಕ್ರೊಫೇಜ್‌ ಅನ್ನು ತುಂಬಿಸುವವರೆಗೂ ಕಾಯುವುದಿಲ್ಲ, ನುಂಗಿದ ಕೋಶವನ್ನೇ ಕೊಲ್ಲುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಿನೊಳಗೆ ಹೋಗುವ ಕ್ವಾರ್ಟ್ಜನ್ನು 1997ರಲ್ಲಿ ಒಂದನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳಿಗೆ, ಸೇರಿಸಿತು. ಹೆಮಟೈಟ್ ಮೂರನೇ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುತ್ತದೆಯೇ ಎಂದು ವರ್ಗೀಕರಿಸಲಾಗದ್ದು. ಆದ್ದರಿಂದ ರಸ್ತೆಯ ಧೂಳನ್ನು ಇಲಿಗೆ ಕೊಡುವ ಮೊದಲು ಎಕ್ಸ್‌ರೇ ವಿವರ್ತನೆಯಿಂದ ಕ್ವಾರ್ಟ್ಜ್ ಎಷ್ಟೆಂದು ಅಳೆಯಬೇಕು. ಹೋಲಿಕೆಗೆ ಕ್ವಾರ್ಟ್ಜ್ ಮಾತ್ರ ಉಸಿರಾಡುವ ಒಂದು ಗುಂಪೂ ಇರಬೇಕು.

ಸಂಡೂರು ಬಳಿಯ ದೇವಗಿರಿಯ ಗಣಿಯ ಮ್ಯಾಂಗನೀಸಿನ ಕಥೆಯೇ ಬೇರೆ. 30 ನ್ಯಾನೊಮೀಟರಿನ ಮ್ಯಾಂಗನೀಸ್ ಆಕ್ಸೈಡನ್ನು 12 ದಿನ ಉಸಿರಾಡಿದ ಇಲಿಗಳಲ್ಲಿ, ಮಿದುಳಿನ ವಾಸನೆ ಗ್ರಹಿಸುವ ಭಾಗದಲ್ಲಿ ಮ್ಯಾಂಗನೀಸ್ ಮೂರೂವರೆ ಪಟ್ಟಾಯಿತು. ಮೂಗಿನ ನರವೇ ದಾರಿ. ಕ್ರಷರ್ ಒಡೆಯುವ ಅದಿರಿನ ಧೂಳು ಅಷ್ಟು ಸಣ್ಣದಿರುವುದಿಲ್ಲ, ವೆಲ್ಡಿಂಗ್ ಮತ್ತು ಕುಲುಮೆಯ ಹೊಗೆಯ ಕಣ ಅಷ್ಟು ಸಣ್ಣದಿರುತ್ತದೆ. ಇಲಿಯ ಮೂಗಿನ ಒಳಮೈಯಲ್ಲಿ ಸುಮಾರು ಅರ್ಧ ಭಾಗ ವಾಸನೆಯ ಪೊರೆ, ಮನುಷ್ಯನಲ್ಲಿ ಶೇ 5ರಷ್ಟು. ಹಾಗಾಗಿ ಈ ಅಂಕಿಯನ್ನೂ ನೇರವಾಗಿ ಮನುಷ್ಯನಿಗೆ ಹೊಂದಿಸಲಾಗದು.