27ನ್ನ 10, 8, 8, 1 ಆಗಿ ಒಡೆಯೋ ಗಣಿತ

ಒಂದು 3×3 ಕೋಷ್ಟಕ ತಗೊಳ್ಳಿ, ಒಂಬತ್ತು ಮನೆ, ಒಂದೊಂದು ಮನೇಲೂ ಒಂದೊಂದು ನಂಬರ್. ಈಗ ಅಡ್ಡಸಾಲುಗಳನ್ನ ಕಂಬಸಾಲು ಮಾಡಿ, ಅಂದ್ರೆ ಕರ್ಣದ ಆಚೆ ಇರೋದು ಈಚೆ, ಈಚೆ ಇರೋದು ಆಚೆ. ಮೊದಲಿನ ಕೋಷ್ಟಕಕ್ಕೆ ಈ ಮಗುಚಿದ ಕೋಷ್ಟಕ ಕೂಡಿಸಿ ಅರ್ಧ ಮಾಡಿದ್ರೆ ಒಂದು ಕೋಷ್ಟಕ ಸಿಗತ್ತೆ, ಅದನ್ನ ಮಗುಚಿದ್ರೂ ಹಾಗೇ ಇರತ್ತೆ. ಕಳೆದು ಅರ್ಧ ಮಾಡಿದ್ರೆ ಇನ್ನೊಂದು, ಅದನ್ನ ಮಗುಚಿದ್ರೆ ಪೂರ್ತಿ ಮೈನಸ್ ಆಗತ್ತೆ. ಈ ಎರಡನ್ನೂ ಕೂಡಿಸಿದ್ರೆ ಮೊದಲಿನ ಕೋಷ್ಟಕ ವಾಪಸ್. ಮೊದಲನೇ ಥರದ್ದಕ್ಕೆ 6 ನಂಬರ್ ಗೊತ್ತಿದ್ರೆ ಸಾಕು, ಎರಡನೇದಕ್ಕೆ ಬರೀ 3 ಸಾಕು ಯಾಕಂದ್ರೆ ಕರ್ಣದ ಮೇಲೆಲ್ಲ ಸೊನ್ನೆ. ಒಟ್ಟು 9 = 6 + 3.

ಇದು ಹೈಸ್ಕೂಲ್ ಲೆಕ್ಕದ ಹಾಗೆ ಕಾಣತ್ತೆ, ಆದ್ರೆ ಇದರ ಹಿಂದೆ ಒಂದು ದೊಡ್ಡ ವಿಷಯ ಕೂತಿದೆ. ಆ ಒಂಬತ್ತು ನಂಬರ್ ನಾವು ಆರಿಸ್ಕೊಂಡ ಅಕ್ಷಗಳ ಮೇಲೆ ನಿಂತಿರತ್ತೆ, ಅಕ್ಷ ತಿರುಗಿಸಿದ್ರೆ, ಎಳೆದ್ರೆ, ಓರೆ ಮಾಡಿದ್ರೆ ಒಂಬತ್ತೂ ಬದಲಾಗ್ತವೆ, ಒಂದರೊಳಗೊಂದು ಕಲಸಿ ಹೋಗ್ತವೆ. ಆದ್ರೂ ಆ 6ರ ಭಾಗ 6ರ ಒಳಗೇ ಕಲಸತ್ತೆ, 3ರ ಭಾಗ 3ರ ಒಳಗೇ. ಏನೇ ಮಾಡಿ, ಒಂದರಿಂದ ಇನ್ನೊಂದಕ್ಕೆ ಒಂದು ಹನಿನೂ ಸೋರಲ್ಲ. ಅಷ್ಟೇ ಅಲ್ಲ, ಆ 6ನ್ನ ಇನ್ನೂ ಚಿಕ್ಕದಾಗಿ ಒಡೆಯೋಕೆ ಆಗಲ್ಲ, 3ನ್ನೂ ಆಗಲ್ಲ.

ಇಂಥ ನಂಬರ್ ಕೋಷ್ಟಕಕ್ಕೇ ಮ್ಯಾಟ್ರಿಕ್ಸ್ ಅನ್ನೋದು. ಅಕ್ಷಗಳನ್ನ ಹಿಂಗೆ ಬದಲಾಯಿಸೋ ಎಲ್ಲಾ ಮ್ಯಾಟ್ರಿಕ್ಸ್‌ಗಳು, ಅಂದ್ರೆ ವಾಪಸ್ ತಿರುಗಿಸಬಹುದಾದ ಎಲ್ಲಾ ಎನ್×ಎನ್ ಮ್ಯಾಟ್ರಿಕ್ಸ್‌ಗಳು ಸೇರಿದ್ರೆ ಅದೇ ಜನರಲ್ ಲೀನಿಯರ್ ಗ್ರೂಪ್, ಚಿಕ್ಕದಾಗಿ ಜಿಎಲ್(ಎನ್). ಒಂದು 3×3 ಮ್ಯಾಟ್ರಿಕ್ಸ್ ಮೂರು ಡೈಮೆನ್ಷನ್ನಿನ ಜಾಗದಲ್ಲಿ ಕೆಲಸ ಮಾಡತ್ತೆ, ಸರಿ, ಆದ್ರೆ ಮೇಲೆ ನೋಡಿದ ಹಾಗೆ ಅದೇ ಮ್ಯಾಟ್ರಿಕ್ಸ್ ಒಂಬತ್ತು ಡೈಮೆನ್ಷನ್ನಿನ ಕೋಷ್ಟಕಗಳ ಜಾಗದಲ್ಲೂ ಕೆಲಸ ಮಾಡತ್ತೆ. ಒಂದು ಗ್ರೂಪ್ ಹಿಂಗೆ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಸೈಜಿನ ಮ್ಯಾಟ್ರಿಕ್ಸ್ ಆಗಿ ಕಾಣಿಸ್ಕೊಳ್ಳೋದಕ್ಕೇ ರೆಪ್ರೆಸೆಂಟೇಷನ್ ಅಂತಾರೆ. ಇನ್ನು ಒಡೆಯೋಕಾಗದ ತುಂಡುಗಳು ಯಾವ್ಯಾವು, ಎಷ್ಟಿವೆ, ಒಂದೊಂದರ ಡೈಮೆನ್ಷನ್ ಎಷ್ಟು (ಅಂದ್ರೆ ಎಷ್ಟು ನಂಬರ್ ಗೊತ್ತಿದ್ರೆ ಸಾಕು), ಈ ಥಿಯರಿಯ ಮೂಲ ಕೆಲಸ ಇದನ್ನ ಕಂಡುಹಿಡಿಯೋದು.

ಮಜಾ ಶುರುವಾಗೋದು ಎರಡರಿಂದ ಮೂರಕ್ಕೆ ಹೋದಾಗ. ಕೋಷ್ಟಕದ ಬದಲು 3×3×3 ಘನ ತಗೊಳ್ಳಿ, 27 ನಂಬರ್, ಒಂದೊಂದಕ್ಕೂ ಮೂರು ವಿಳಾಸ: ಯಾವ ಅಡ್ಡಸಾಲು, ಯಾವ ಕಂಬಸಾಲು, ಯಾವ ಮಹಡಿ. ಈ ಮೂರು ವಿಳಾಸಗಳನ್ನ ಹೇಗೆ ಅದಲು ಬದಲು ಮಾಡಿದ್ರೂ ಬದಲಾಗದೇ ಇರೋ ಘನಗಳಿಗೆ 10 ನಂಬರ್ ಬೇಕು. ಯಾವ ಎರಡನ್ನ ಅದಲು ಬದಲು ಮಾಡಿದ್ರೂ ಮೈನಸ್ ಆಗೋದು ಒಂದೇ ಒಂದು ಥರ, ಡಿಟರ್ಮಿನೆಂಟ್ ಹುಟ್ಟೋದು ಅಲ್ಲೇ. 10 + 1 = 11, ಹಾಗಾದ್ರೆ ಉಳಿದ 16 ಎಲ್ಲಿ ಹೋಯ್ತು? ಕೋಷ್ಟಕದಲ್ಲಿ ಬದಲಾಗಲ್ಲ ಅಥವಾ ಮೈನಸ್ ಆಗತ್ತೆ ಅನ್ನೋ ಎರಡೇ ದಾರಿ ಇತ್ತು, ಇಲ್ಲಿ ಎರಡಕ್ಕೂ ಸೇರದ ಒಂದು ಮೂರನೇ ಜಾತಿ ಇದೆ, ಅದರ ಡೈಮೆನ್ಷನ್ 8, ಅದು ಎರಡು ಸಲ ಬರತ್ತೆ. 27 = 10 + 8 + 8 + 1. (ಫಿಸಿಕ್ಸ್ ಓದಿದವರಿಗೆ ಇದು ಗುರುತು ಸಿಗತ್ತೆ, ಮೂರು ಕ್ವಾರ್ಕ್ ಸೇರಿ ಆಗೋ ಕಣಗಳನ್ನ ಇದೇ ಥರ ವಿಂಗಡಿಸ್ತಾರೆ, ಆ 10ರ ಗುಂಪಲ್ಲಿ ಖಾಲಿ ಇದ್ದ ಕೊನೇ ಜಾಗಕ್ಕೆ ಒಮೇಗಾ ಮೈನಸ್ ಅನ್ನೋ ಕಣ 1964ರಲ್ಲಿ ನಿಜವಾಗ್ಲೂ ಸಿಕ್ತು.)

ಆ 8 ಯಾಕೆ ಎರಡೇ ಸಲ, ಯಾಕೆ ಮೂರು ಸಲ ಅಲ್ಲ ಅಂತ ಕೇಳಿದ್ರೆ ಉತ್ತರ ನಂಗೆ ಈ ಇಡೀ ವಿಷಯದಲ್ಲೇ ತುಂಬಾ ಇಷ್ಟ ಆಗೋದು. ಮೂರು ಚೌಕಗಳನ್ನ ಜೋಡಿಸಿ, ಎಡಗಡೆ ಒಂದೇ ನೇರಕ್ಕೆ ಇರ್ಬೇಕು, ಕೆಳಗಿನ ಸಾಲು ಮೇಲಿನದಕ್ಕಿಂತ ಉದ್ದ ಇರ್ಬಾರ್ದು. ಮೂರೇ ಆಕಾರ ಸಾಧ್ಯ: ಒಂದೇ ಸಾಲಲ್ಲಿ ಮೂರು, ಒಂದರ ಕೆಳಗೊಂದು ಮೂರು, ಇಲ್ಲಾ ಮೇಲೆ ಎರಡು ಅದರ ಕೆಳಗೆ ಎಡಕ್ಕೆ ಒಂದು. ಕೊನೇದನ್ನ ಮೂಲೆ ಆಕಾರ ಅನ್ನೋಣ. ಈಗ ಚೌಕಗಳಿಗೆ 1, 2, 3 ತುಂಬಿ, ನಿಯಮ ಏನಂದ್ರೆ ಎಡದಿಂದ ಬಲಕ್ಕೆ ಹೋಗ್ತಾ ನಂಬರ್ ಕಮ್ಮಿ ಆಗ್ಬಾರ್ದು, ಮೇಲಿಂದ ಕೆಳಗೆ ಹೋಗ್ತಾ ಹೆಚ್ಚಾಗ್ಲೇಬೇಕು. ಮೂಲೆ ಆಕಾರಕ್ಕೆ ಮಾಡಿ ನೋಡಿ. ಮೂಲೇಲಿ 1 ಇಟ್ರೆ ಪಕ್ಕದಲ್ಲಿ 1, 2, 3 ಯಾವುದಾದ್ರೂ ಬರಬಹುದು, ಕೆಳಗೆ 2 ಅಥವಾ 3, ಒಟ್ಟು 6 ಥರ. ಮೂಲೇಲಿ 2 ಇಟ್ರೆ ಪಕ್ಕದಲ್ಲಿ 2 ಅಥವಾ 3, ಕೆಳಗೆ 3 ಮಾತ್ರ, 2 ಥರ. ಮೂಲೇಲಿ 3 ಇಡೋ ಹಾಗಿಲ್ಲ. 6 + 2 = 8. ಆ ತುಂಡಿನ ಡೈಮೆನ್ಷನ್ ಸರಿಯಾಗಿ ಬಂತು! ಈಗ ಅದೇ ಆಕಾರದಲ್ಲಿ 1, 2, 3 ಒಂದೊಂದೂ ಒಂದೇ ಸಲ ಬರೋ ಹಾಗೆ ತುಂಬಿದ್ರೆ ಎರಡೇ ದಾರಿ. ಅದು ಆ ತುಂಡು ಎಷ್ಟು ಸಲ ಬರತ್ತೆ ಅನ್ನೋ ಲೆಕ್ಕ.

ಅಂದ್ರೆ ಇಲ್ಲಿ ಎರಡು ಗ್ರೂಪ್ ಒಟ್ಟಿಗೆ ಕೆಲಸ ಮಾಡ್ತಿವೆ. ಒಂದು ಅಕ್ಷಗಳನ್ನ ಬದಲಾಯಿಸೋ ಜಿಎಲ್(3), ಇನ್ನೊಂದು ಮೂರು ವಿಳಾಸಗಳನ್ನ ಅದಲು ಬದಲು ಮಾಡೋ ಆರು ಸದಸ್ಯರ ಗ್ರೂಪ್. ಯಾವುದನ್ನ ಮೊದಲು ಮಾಡಿದ್ರೂ ಫಲ ಒಂದೇ, ಒಂದಕ್ಕೊಂದು ಅಡ್ಡ ಬರಲ್ಲ, ಹಾಗಾಗಿ ಎರಡೂ ಸೇರಿ ಆ 27ರ ಜಾಗವನ್ನ ಹಂಚ್ಕೊಳ್ತವೆ, ಒಂದೊಂದು ಆಕಾರದಲ್ಲೂ ಜಿಎಲ್‌ದು ಒಂದು ತುಂಡು, ಅದಲು ಬದಲಿನ ಗ್ರೂಪಿಂದು ಒಂದು ತುಂಡು. ಲೆಕ್ಕ ಹೀಗೆ ಕೂಡತ್ತೆ: 10×1 + 8×2 + 1×1 = 27. ನಾಲ್ಕು ಡೈಮೆನ್ಷನ್ನಿಗೆ ಮಾಡಿದ್ರೆ 20×1 + 20×2 + 4×1 = 64. ಎರಡು ಡೈಮೆನ್ಷನ್ನಿಗೆ 4×1 + 2×2 = 8, ಅಲ್ಲಿ ಕೆಳಮುಖವಾಗಿ ಮೂರು ಚೌಕ ಇರೋ ಆಕಾರ ಬರೋದೇ ಇಲ್ಲ ಯಾಕಂದ್ರೆ 1 ಮತ್ತು 2 ಇಟ್ಕೊಂಡು ಮೂರು ಸಲ ಹೆಚ್ಚಿಸೋಕಾಗಲ್ಲ. ಇದಕ್ಕೆ ಷೂರ್-ವೈಲ್ ಡ್ಯುಯಾಲಿಟಿ ಅಂತ ಹೆಸರು.

ಇಸಾಯ್ ಷೂರ್ ಇದನ್ನ ಮಾಡಿದ್ದು 1901ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಬರ್ಲಿನ್ನಲ್ಲಿ, ಗುರು ಫ್ರೊಬೇನಿಯಸ್. ಗ್ರೂಪ್‌ಗಳ ರೆಪ್ರೆಸೆಂಟೇಷನ್ ಅನ್ನೋ ವಿಷಯವನ್ನೇ ಫ್ರೊಬೇನಿಯಸ್ ಶುರು ಮಾಡಿ ಆಗ ಐದು ವರ್ಷ ಆಗಿತ್ತಷ್ಟೇ, 1896ರಲ್ಲಿ ಡೆಡೆಕಿಂಡ್ ಬರೆದ ಪತ್ರಗಳಲ್ಲಿದ್ದ ಒಂದು ಪ್ರಶ್ನೆಯಿಂದ ಅದು ಹುಟ್ಟಿದ್ದು. ಚೌಕ ತುಂಬೋ ಪದ್ಧತಿ ಆಲ್ಫ್ರೆಡ್ ಯಂಗ್ ಅವರದ್ದು, 1900ರ ಸುಮಾರಿಗೆ ಶುರು ಮಾಡಿದ್ರು, ಮುಂದೆ ಅವರು ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಲ್ಲಿ ಪಾದ್ರಿ ಆಗಿದ್ಕೊಂಡೇ ಗಣಿತ ಬರೀತಿದ್ರು. ಷೂರ್ ಬದುಕು ಕೊನೆಗೆ ತುಂಬಾ ಕಷ್ಟಕ್ಕೆ ಸಿಕ್ತು, ಯಹೂದಿ ಅನ್ನೋ ಕಾರಣಕ್ಕೆ 1935ರಲ್ಲಿ ನಾಜಿ ಸರ್ಕಾರ ಪ್ರೊಫೆಸರ್ ಕೆಲಸದಿಂದ ತೆಗೀತು, 1939ರಲ್ಲಿ ದೇಶ ಬಿಟ್ಟು ಪ್ಯಾಲೆಸ್ಟೈನ್‌ಗೆ ಹೋದ್ರು, 1941ರಲ್ಲಿ ಟೆಲ್ ಅವೀವ್‌ನಲ್ಲಿ ತೀರ್ಕೊಂಡ್ರು. ಅವರ ಹೆಸರು ಬರೀವಾಗೆಲ್ಲ ಇದು ನೆನಪಾಗತ್ತೆ.

ಸರಿ, ಇದರಿಂದ ಬೇರೆ ಗಣಿತಕ್ಕೆ ಏನು ಸಿಗತ್ತೆ ಅನ್ನೋದಕ್ಕೆ ಬರ್ತೀನಿ. ಒಂದು ಮ್ಯಾಟ್ರಿಕ್ಸ್ ಕೆಲವು ದಿಕ್ಕುಗಳನ್ನ ತಿರುಗಿಸದೆ ಬರೀ ಹಿಗ್ಗಿಸತ್ತೆ ಅಥವಾ ಕುಗ್ಗಿಸತ್ತೆ, ಎಷ್ಟು ಪಟ್ಟು ಅನ್ನೋದು ಐಗನ್‌ವ್ಯಾಲ್ಯೂ. ಎರಡು ಸಿಮೆಟ್ರಿಕ್ (ಮಗುಚಿದ್ರೂ ಹಾಗೇ ಇರೋ) ಮ್ಯಾಟ್ರಿಕ್ಸ್ ಇವೆ, ಒಂದೊಂದರ ಐಗನ್‌ವ್ಯಾಲ್ಯೂ ಮಾತ್ರ ನಿಮಗೆ ಗೊತ್ತು, ಕೂಡಿಸಿದ್ರೆ ಬರೋ ಮ್ಯಾಟ್ರಿಕ್ಸಿನ ಐಗನ್‌ವ್ಯಾಲ್ಯೂ ಏನೇನಾಗಬಹುದು? ಮೊದಲನೇದಕ್ಕೆ 5 ಮತ್ತು 1, ಎರಡನೇದಕ್ಕೆ 3 ಮತ್ತು 2 ಅಂದ್ಕೊಳ್ಳಿ. ಹಿಗ್ಗೋ ದಿಕ್ಕುಗಳು ಎರಡಕ್ಕೂ ಒಂದೇ ಆಗಿದ್ರೆ 8 ಮತ್ತು 3 ಬರತ್ತೆ, ಒಂದರ ದೊಡ್ಡ ದಿಕ್ಕು ಇನ್ನೊಂದರ ಚಿಕ್ಕ ದಿಕ್ಕಾಗಿದ್ರೆ 7 ಮತ್ತು 4. ಮಧ್ಯದಲ್ಲಿ ಓರೆಯಾಗಿ ಇಟ್ರೆ ದೊಡ್ಡದು 7ರಿಂದ 8ರ ನಡುವೆ ಎಲ್ಲಾದ್ರೂ ಬರಬಹುದು, ಅದರಾಚೆ ಹೋಗಲ್ಲ.

ಈಗ ಚೌಕಗಳಿಗೆ ಬನ್ನಿ. ಮೇಲೆ 5 ಚೌಕ ಕೆಳಗೆ 1 ಇರೋ ಆಕಾರ ಒಂದು, ಮೇಲೆ 3 ಕೆಳಗೆ 2 ಇರೋದು ಇನ್ನೊಂದು. ಜಿಎಲ್(2)ರಲ್ಲಿ ಇವು ಎರಡು ತುಂಡುಗಳು, ಡೈಮೆನ್ಷನ್ 5 ಮತ್ತು 2. ಎರಡನ್ನ ಗುಣಿಸಿದ್ರೆ 10 ಡೈಮೆನ್ಷನ್ನಿನ ಜಾಗ ಬರತ್ತೆ, ಅದು ಮತ್ತೆ ಒಡೆಯತ್ತೆ, ಸಿಗೋ ತುಂಡುಗಳು ಸರಿಯಾಗಿ ಎರಡೇ, (8, 3) ಮತ್ತು (7, 4), ಡೈಮೆನ್ಷನ್ 6 ಮತ್ತು 4. ಮ್ಯಾಟ್ರಿಕ್ಸ್ ಕೂಡಿಸಿದಾಗ ಬಂದ ಅವೇ ನಂಬರ್‌ಗಳು! ಕೂಡಿಸೋದಕ್ಕೂ ಗುಣಿಸಿ ಒಡೆಯೋದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಮೊದಲ ಸಲ ನೋಡಿದವರಿಗೆ ಅನ್ನಿಸ್ಲೇಬೇಕು, ನಂಗಂತೂ ಕೈಯಾರೆ ಇನ್ನೂ ನಾಲ್ಕೈದು ಉದಾಹರಣೆ ಮಾಡಿ ನೋಡೋವರೆಗೂ ನಂಬಿಕೆ ಬಂದಿರಲಿಲ್ಲ.

ಐಗನ್‌ವ್ಯಾಲ್ಯೂಗಳ ಈ ಪ್ರಶ್ನೆ ಹರ್ಮನ್ ವೈಲ್ ಕಾಲದಿಂದ, ಅಂದ್ರೆ 1912ರಿಂದ ಇದೆ. 1962ರಲ್ಲಿ ಆಲ್ಫ್ರೆಡ್ ಹಾರ್ನ್ ಇಷ್ಟಿಷ್ಟು ಅಸಮಾನತೆಗಳು ಸಾಕು ಅಂತ ಒಂದು ಪಟ್ಟಿ ಊಹಿಸಿದ್ರು. ಗುಣಿಸಿದಾಗ ಯಾವ ಆಕಾರ ಎಷ್ಟು ಸಲ ಬರತ್ತೆ ಅನ್ನೋದಕ್ಕೆ ಲಿಟಲ್‌ವುಡ್ ಮತ್ತು ರಿಚರ್ಡ್‌ಸನ್ 1934ರಲ್ಲೇ ಚೌಕ ತುಂಬೋ ನಿಯಮ ಕೊಟ್ಟಿದ್ರು, ಅದರ ಪೂರ್ತಿ ಪ್ರೂಫ್ ಬಂದಿದ್ದು 1970ರ ದಶಕದಲ್ಲಿ. ಈ ಎರಡೂ ಒಂದೇ ಅಂತ ತೋರಿಸೋ ದಾರಿಯ ದೊಡ್ಡ ಭಾಗ ಕ್ಲ್ಯಾಚ್ಕೊ 1998ರಲ್ಲಿ ಮಾಡಿದ್ರು, ಕೊನೇ ಹೆಜ್ಜೆ 1999ರಲ್ಲಿ ಆಲನ್ ನಟ್ಸನ್ ಮತ್ತು ಟೆರೆನ್ಸ್ ಟಾವ್ ಅವರದ್ದು, ಅವರು ಉಪಯೋಗಿಸಿದ ಚಿತ್ರಗಳು ನೋಡೋಕೆ ಜೇನುಗೂಡಿನ ಹಾಗೇ ಇರೋದ್ರಿಂದ ಅದಕ್ಕೆ ಜೇನುಗೂಡು ಅಂತಾನೇ ಹೆಸರಿಟ್ರು. ಇದರಿಂದ ಇನ್ನೊಂದು ಲಾಭನೂ ಆಯ್ತು, ಒಂದು ಆಕಾರ ಗುಣಲಬ್ಧದಲ್ಲಿ ಬರತ್ತಾ ಇಲ್ವಾ ಅನ್ನೋದನ್ನ ಕಂಪ್ಯೂಟರ್ ಬೇಗ ಹೇಳಬಹುದು, ಆದ್ರೆ ಸರಿಯಾಗಿ ಎಷ್ಟು ಸಲ ಬರತ್ತೆ ಅಂತ ಎಣಿಸೋದು ತುಂಬಾ ಕಷ್ಟದ ಲೆಕ್ಕಗಳ ಗುಂಪಿಗೆ ಸೇರಿದ್ದು.

ಮ್ಯಾಟ್ರಿಕ್ಸಿನ ಮನೇಲಿರೋದು ಮಾಮೂಲಿ ನಂಬರ್ರೇ ಆಗ್ಬೇಕು ಅಂತೇನಿಲ್ಲ. 0, 1, 2 ಈ ಮೂರೇ ನಂಬರ್ ಇರೋ, 2 + 2 ಅಂದ್ರೆ 1 ಆಗೋ ಲೆಕ್ಕದಲ್ಲೂ 2×2 ಮ್ಯಾಟ್ರಿಕ್ಸ್ ಬರೀಬಹುದು. ಮೊದಲ ಕಂಬಸಾಲು ಸೊನ್ನೆ ಆಗ್ಬಾರ್ದು, 8 ಆಯ್ಕೆ, ಎರಡನೇದು ಮೊದಲನೇದರ ಗುಣಕ ಆಗ್ಬಾರ್ದು, 6 ಆಯ್ಕೆ, ಒಟ್ಟು 48 ಸದಸ್ಯರ ಗ್ರೂಪ್. ಫರ್ಮಾನ ಕೊನೇ ಪ್ರಮೇಯದ ಪ್ರೂಫಲ್ಲಿ, 1995ರಲ್ಲಿ ಪ್ರಕಟವಾದ ಆಂಡ್ರ್ಯೂ ವೈಲ್ಸ್ ಅವರ ಕೆಲಸದಲ್ಲಿ, ಈ 48ರ ಗ್ರೂಪಿಗೆ ದೊಡ್ಡ ಪಾತ್ರ ಇದೆ. ಎಲಿಪ್ಟಿಕ್ ಕರ್ವ್ (ಬಿಂದುಗಳನ್ನ ಕೂಡಿಸೋ ನಿಯಮ ಇರೋ ಒಂದು ಥರದ ವಕ್ರರೇಖೆ) ಮೇಲೆ ತನಗೆ ತಾನೇ ಮೂರು ಸಲ ಕೂಡಿಸಿದ್ರೆ ಸೊನ್ನೆ ಆಗೋ ಬಿಂದುಗಳು ಒಂಬತ್ತು, ಅವನ್ನ ಅದಲು ಬದಲು ಮಾಡೋ ಸಿಮೆಟ್ರಿಗಳೆಲ್ಲ ಇಂಥ ಮ್ಯಾಟ್ರಿಕ್ಸ್ ಆಗಿ ಕಾಣ್ತವೆ. ಈ 48ರ ಗ್ರೂಪನ್ನ ಹಂತ ಹಂತವಾಗಿ, ಯಾವುದನ್ನ ಮೊದಲು ಮಾಡಿದ್ರೂ ಫಲ ಒಂದೇ ಆಗಿರೋ ಗ್ರೂಪ್‌ಗಳಾಗಿ ಬಿಡಿಸಬಹುದು, ಹಾಗಾಗಿ ಲ್ಯಾಂಗ್‌ಲ್ಯಾಂಡ್ಸ್ ಮತ್ತು ಟನಲ್ ಅವರ ಒಂದು ಪ್ರಮೇಯ ಇಲ್ಲಿ ಕೈ ಹಿಡೀತು. ಮೂರರ ದಾರಿ ಮುಚ್ಚಿದ ಕಡೆ ವೈಲ್ಸ್ ಐದಕ್ಕೆ ಹೋದ್ರು, ಅಲ್ಲಿ ಗ್ರೂಪ್ 480 ಸದಸ್ಯರದ್ದು, ಹಾಗೆ ಬಿಡಿಸೋಕೆ ಬರಲ್ಲ, ಹಾಗಾಗಿ ಬೇರೆ ಕರ್ವ್ ಒಂದರ ಮೂಲಕ ಮತ್ತೆ ಮೂರಕ್ಕೇ ಬಂದ್ರು. 1967ರಲ್ಲಿ ಲ್ಯಾಂಗ್‌ಲ್ಯಾಂಡ್ಸ್ ಆಂದ್ರೆ ವೇಯ್ ಅವರಿಗೆ ಬರೆದ ಪತ್ರದಿಂದ ಶುರುವಾದ ಇಡೀ ಯೋಜನೆ ಇದರದ್ದೇ ವಿಸ್ತಾರ, ಸಂಖ್ಯೆಗಳ ಸಿಮೆಟ್ರಿಗೂ ಜಿಎಲ್(ಎನ್) ರೆಪ್ರೆಸೆಂಟೇಷನ್‌ಗೂ ಹೊಂದಾಣಿಕೆ ಹುಡುಕೋದು. ಅದಕ್ಕೆ ಒಂದು ಪ್ರತ್ಯೇಕ ಲೇಖನನೇ ಬೇಕು.

ಮತ್ತೆ ಕೋಷ್ಟಕಕ್ಕೆ ವಾಪಸ್ ಬರ್ತೀನಿ. ಶುರುವಿನಲ್ಲಿ ಅಡ್ಡಸಾಲಿಗೂ ಕಂಬಸಾಲಿಗೂ ಒಂದೇ ಅಕ್ಷ ಬದಲಾವಣೆ ಮಾಡಿದ್ವಿ. ಎರಡಕ್ಕೂ ಬೇರೆ ಬೇರೆ ಮಾಡಿದ್ರೆ? 2×2 ಕೋಷ್ಟಕದ ನಾಲ್ಕು ನಂಬರ್‌ಗಳಲ್ಲಿ ಎರಡೆರಡನ್ನ ಗುಣಿಸಿದ್ರೆ (ಒಂದನ್ನ ಅದರಿಂದಲೇ ಗುಣಿಸೋದೂ ಸೇರಿ) 10 ಪದ ಸಿಗತ್ತೆ, ಈ 10 ಒಡೆಯೋದು 3×3 + 1×1 ಅಂತ. ಆ ಒಂಟಿ 1 ಏನು ಗೊತ್ತಾ, ಎಲ್ಲರೂ ಕಲಿತಿರೋ ಎ×ಡಿ ಮೈನಸ್ ಬಿ×ಸಿ, ಡಿಟರ್ಮಿನೆಂಟು. ಡಿಟರ್ಮಿನೆಂಟನ್ನ ಯಾರೋ ಕೂತು ಸೂತ್ರ ಕಟ್ಟಿದ್ದು ಅಂತ ಅಂದ್ಕೊಂಡಿರ್ತೀವಿ, ಅದು ಅಲ್ಲಿ ಇರ್ಲೇಬೇಕಾಗಿದ್ದ ತುಂಡು.

ಡಿಟರ್ಮಿನೆಂಟಿನಲ್ಲಿರೋ ಮೈನಸ್‌ಗಳನ್ನೆಲ್ಲ ಪ್ಲಸ್ ಮಾಡಿದ್ರೆ ಪರ್ಮನೆಂಟ್ ಅಂತಾರೆ. ನೋಡೋಕೆ ಎರಡೂ ಒಂದೇ ಥರ, ಆದ್ರೆ ಮೊದಲನೇದನ್ನ ಲೆಕ್ಕ ಹಾಕೋದು ಸುಲಭ, ಎರಡನೇದಕ್ಕೆ ಸುಲಭದ ದಾರಿ ಯಾರಿಗೂ ಸಿಕ್ಕಿಲ್ಲ, ದಾರಿ ಇದ್ರೆ ಅದರ ಪರಿಣಾಮ ಎಷ್ಟು ದೊಡ್ಡದು ಅಂತ 1979ರಲ್ಲಿ ಲೆಸ್ಲಿ ವ್ಯಾಲಿಯಂಟ್ ತೋರಿಸಿದ್ರು. ಕೇತನ್ ಮುಲ್ಮುಲೆ ಮತ್ತು ಮಿಲಿಂದ್ ಸೊಹೊನಿ 2001ರಲ್ಲಿ ಹೇಳಿದ್ದು ಇಷ್ಟು: ಎರಡನ್ನೂ ದೊಡ್ಡ ಜಿಎಲ್‌ನಿಂದ ಎಲ್ಲಾ ಕಡೆ ತಿರುಗಿಸಿ, ಆಗ ಬರೋ ಜಾಗಗಳನ್ನ ತುಂಡುಗಳಾಗಿ ಒಡೆದು ಹೋಲಿಸಿ, ಒಂದರಲ್ಲಿ ಇರ್ಬಾರದ ತುಂಡು ಇನ್ನೊಂದರಲ್ಲಿ ಕಂಡ್ರೆ ಎರಡರ ಕಷ್ಟ ಬೇರೆ ಬೇರೆ ಅಂತ ಸಾಬೀತಾಗತ್ತೆ. 2016ರಲ್ಲಿ ಬ್ಯೂರ್ಗಿಸರ್, ಇಕೆನ್‌ಮೈಯರ್ ಮತ್ತು ಪಾನೋವಾ ತುಂಡು ಇದೆಯಾ ಇಲ್ವಾ ಅಂತ ನೋಡಿದ್ರೆ ಮಾತ್ರ ಸಾಲಲ್ಲ ಅಂತ ಸಾಧಿಸಿದ್ರು, ಎಷ್ಟು ಸಲ ಇದೆ ಅಂತ ಎಣಿಸ್ಲೇಬೇಕು.

ಎಣಿಸೋಕೆ ಹೋದ್ರೆ ಅಡ್ಡ ಬರೋದು ಕ್ರೋನೆಕರ್ ಕೋಎಫಿಷಿಯೆಂಟ್‌ಗಳು. 10 = 3×3 + 1×1 ಅನ್ನೋ ಥರದ ಒಡೆಯುವಿಕೆಯಲ್ಲಿ, ಇನ್ನೂ ದೊಡ್ಡ ಆಕಾರಗಳಿಗೆ, ಅಡ್ಡಸಾಲಿನ ಯಾವ ಆಕಾರ ಕಂಬಸಾಲಿನ ಯಾವ ಆಕಾರದ ಜೊತೆ ಎಷ್ಟು ಸಲ ಜೋಡಿ ಆಗತ್ತೆ ಅನ್ನೋ ಸಂಖ್ಯೆ ಅದು. ಮರ್ನಹಾನ್ 1938ರಲ್ಲಿ ಈ ಸಂಖ್ಯೆಗಳನ್ನ ಮುಂದಿಟ್ರು. ಕಂಪ್ಯೂಟರಲ್ಲಿ ಒಂದೊಂದಾಗಿ ಲೆಕ್ಕ ಹಾಕಬಹುದು, ಉತ್ತರ ಯಾವಾಗ್ಲೂ ಸೊನ್ನೆ ಇಲ್ಲಾ ಒಂದು ಪೂರ್ಣ ಧನಸಂಖ್ಯೆ, ಅಂದ್ಮೇಲೆ ಅದು ಏನನ್ನೋ ಎಣಿಸ್ತಿರಬೇಕು. ಮೂಲೆ ಆಕಾರದಲ್ಲಿ 8ನ್ನ ಎಣಿಸಿದ ಹಾಗೆ ಚೌಕ ತುಂಬಿ ಇದನ್ನ ಎಣಿಸೋ ನಿಯಮ ಮಾತ್ರ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.