ಮಾಳಿಗೆಯ ಆ್ಯಂಟೆನಾದಿಂದ ಮೊಬೈಲ್ ಟಿವಿವರೆಗೆ

ಇಂಟರ್ನೆಟ್ ಇಲ್ಲದೆ ಮೊಬೈಲ್‌ನಲ್ಲಿ ಟಿವಿ ಬರುತ್ತಂತೆ, ಹೌದಾ? ಹುಬ್ಬಳ್ಳಿಯಲ್ಲಿ ಪರಿಚಯದವರು ಆಗಾಗ ಹೀಗೆ ಕೇಳುತ್ತಾರೆ. ಹೌದು, ಅಂಥದ್ದೊಂದು ತಯಾರಾಗುತ್ತಿದೆ. ಆದರೆ ಯಾರ ಮನೆಗೆ, ಯಾರ ಖರ್ಚಿನಲ್ಲಿ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೇಶದಲ್ಲಿ ಟಿವಿ ಶುರುವಾಗಿದ್ದು 1959ರಲ್ಲಿ, ದೆಹಲಿಯಲ್ಲಿ. 1975ರಲ್ಲಿ ಉಪಗ್ರಹದ ಮೂಲಕ ಒಂದು ವರ್ಷ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ವಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1982ರಲ್ಲಿ ಬಣ್ಣ ಬಂತು. ಆಮೇಲೆ ಊರೂರಿಗೆ ಟ್ರಾನ್ಸ್‌ಮಿಟರ್.

ಅಲ್ಲಿಂದ ಮುಂದಿನದು ನಾನೇ ಕಂಡದ್ದು. ಬ್ಯಾಡಗಿ ಹತ್ತಿರ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿ ಪಕ್ಕ ಬಿದಿರು ನಿಲ್ಲಿಸಿ ಅಲ್ಯೂಮಿನಿಯಂ ಆ್ಯಂಟೆನಾ ಕಟ್ಟಿದ್ದೆವು. ಅಲ್ಲಿಂದ ಚಪ್ಪಟೆ ವೈರು ಕೆಳಗಿಳಿದು ಟಿವಿಗೆ ಸೇರುತ್ತಿತ್ತು. ಸುಗ್ಗಿಯಲ್ಲಿ ಮಾಳಿಗೆ ತುಂಬ ಮೆಣಸಿನಕಾಯಿ ಹರಡಿರುತ್ತಿದ್ದೆವು. ಕಾಗೆ ಕೂತು ಕಡ್ಡಿ ಬಾಗಿದರೆ ಆ ಕೆಂಪಿನ ನಡುವೆ ಕಾಲಿಡುವಷ್ಟು ಜಾಗ ಮಾಡಿಕೊಂಡು ಹೋಗಿ ತಿರುಗಿಸಬೇಕು. ನಾನು ಮೇಲಿಂದ "ಬಂತೇನು?" ಅನ್ನೋದು, ಕೆಳಗಿಂದ ಅವ್ವ "ಬರಾಕತ್ತೈತಿ, ಅಲ್ಲೇ ಬಿಡು!" ಅನ್ನೋದು. ಚಿತ್ರ ಪೂರ್ತಿ ಸ್ವಚ್ಛ ಇರುತ್ತಿರಲಿಲ್ಲ. ಆದರೂ ಕಾಣುತ್ತಿತ್ತು. ಹಳೇ ಅನಲಾಗ್ ಪ್ರಸಾರದ ಗುಣವೇ ಅದು. ಸಿಗ್ನಲ್ ಕಡಿಮೆಯಾದರೆ ಚುಕ್ಕಿ ಜಾಸ್ತಿ ಆಗುತ್ತವೆ, ಚಿತ್ರ ಒಮ್ಮೆಲೇ ಹೋಗುವುದಿಲ್ಲ. ಡಿಜಿಟಲ್ ಹಾಗಲ್ಲ. ಬಂದರೆ ಪೂರ್ತಿ ಬರುತ್ತದೆ, ಒಂದು ಮಿತಿಗಿಂತ ಕಡಿಮೆಯಾದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ.

ಮುಖ್ಯ ಮಾತು ಅಂದರೆ, ಆ ಟಿವಿಗೆ ತಿಂಗಳ ಬಾಡಿಗೆ ಇರಲಿಲ್ಲ.

ಆಮೇಲೆ ಕೇಬಲ್ ಬಂತು, ಆ್ಯಂಟೆನಾ ನೋಡುವವರು ಕಡಿಮೆಯಾದರು. ಕೇಬಲ್ಲಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಮೊದಲು ಮಹಾನಗರಗಳು, ನಂತರ ಬೆಂಗಳೂರು, ಮೈಸೂರು. ಹುಬ್ಬಳ್ಳಿ-ಧಾರವಾಡದಂಥ ಊರುಗಳು ಮೂರನೇ ಹಂತದಲ್ಲಿದ್ದವು. 2015ರ ಡಿಸೆಂಬರ್ ಎಂದಿದ್ದ ಗಡುವು 2017ರ ಜನವರಿವರೆಗೆ ಎಳೆಯಿತು. ನಮ್ಮ ಓಣಿಯಲ್ಲಿ ಒಂದು ಬೆಳಿಗ್ಗೆ ಬಾಕ್ಸ್ ಇಲ್ಲದ ಮನೆಗಳ ಟಿವಿಯೆಲ್ಲ ಖಾಲಿ. ನಾಳೆ ಬಂದ್ ಆಗುತ್ತದೆ ಅಂತ ಮೊದಲೇ ಬಂದು ಹೇಳಿದವರಿಲ್ಲ. 2019ರಲ್ಲಿ ದರದ ಹೊಸ ನಿಯಮ ಬಂತು. ಆಗ ಮೊದಲ 100 ಚಾನೆಲ್‌ಗೆ ತಿಂಗಳಿಗೆ 130 ರೂಪಾಯಿವರೆಗೆ ಇತ್ತು, ಮೇಲೆ ತೆರಿಗೆ, ಅದರ ಮೇಲೆ ಪೇ ಚಾನೆಲ್‌ಗಳ ಬೆಲೆ ಬೇರೆ.

ಅದನ್ನು ಕೊಡಲಾಗದ ಮನೆಗಳನ್ನು ಹಿಡಿದು ನಿಲ್ಲಿಸಿದ್ದು ದೂರದರ್ಶನದ ಉಚಿತ ಡಿಶ್. 2004ರಿಂದಲೂ ಇದೆ. ಒಮ್ಮೆ ಬುಟ್ಟಿ, ಬಾಕ್ಸ್ ಕೊಂಡರೆ ಮುಗಿಯಿತು. ಹಿಂದಿ ಚಾನೆಲ್‌ಗಳೇ ಜಾಸ್ತಿ, ಆದರೆ ಚಂದನ ಬರುತ್ತದೆ. ಅವ್ವನಿಗೆ ಅಷ್ಟು ಸಾಕು.

ಈ ನಡುವೆ ನೆಲದ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಬಂದ್ ಆದವು. 2022ರ ಮಾರ್ಚ್ ಹೊತ್ತಿಗೆ ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೆಲ್ಲ ನಿಲ್ಲಿಸುವ ತೀರ್ಮಾನವಾಗಿತ್ತು. ನೋಡುವವರಿಲ್ಲ, ಕರೆಂಟು, ನಿರ್ವಹಣೆಯ ಖರ್ಚು ಸುಮ್ನೆ ಹೋಗುತ್ತಿದೆ ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಅದರ ಜಾಗಕ್ಕೆ ಬರಬೇಕಿದ್ದ ನೆಲದ ಡಿಜಿಟಲ್ ಪ್ರಸಾರ 2016ರಲ್ಲಿ ಶುರುವಾಗಿದ್ದು 16 ನಗರಗಳಲ್ಲಿ. ಕರ್ನಾಟಕದಿಂದ ಬೆಂಗಳೂರು ಒಂದೇ. ಗದಗ, ಹಾವೇರಿಯಲ್ಲಿ ಹಳೆಯದು ಹೋಯಿತು, ಹೊಸದು ಬರಲಿಲ್ಲ.

ಈಗ ಮಾತಾಡುತ್ತಿರುವುದು ಅದರ ಮುಂದಿನ ಪೀಳಿಗೆ, ಎಟಿಎಸ್‌ಸಿ 3.0 ಅನ್ನುವ ಅಮೆರಿಕದ ಡಿಜಿಟಲ್ ಪ್ರಸಾರ ಪದ್ಧತಿ. ಅಮೆರಿಕದಲ್ಲಿ ಅನಲಾಗ್ ನಿಂತದ್ದು 2009ರ ಜೂನ್ 12ಕ್ಕೆ. 2017ರಲ್ಲಿ ಈ ಹೊಸ ಪದ್ಧತಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಚಿತ್ರ ಇನ್ನೂ ಸ್ಪಷ್ಟ, ಮನೆಯೊಳಗೂ ಓಡುವ ಗಾಡಿಯಲ್ಲೂ ಚೆನ್ನಾಗಿ ಸಿಗುತ್ತದೆ. ಆದರೆ ಹಳೇ ಟಿವಿ ಇದನ್ನು ಹಿಡಿಯುವುದಿಲ್ಲ. ಕೆಲವು ಸ್ಟೇಷನ್‌ಗಳು ಪ್ರಸಾರಕ್ಕೆ ಡಿಜಿಟಲ್ ಬೀಗ ಹಾಕಿದ್ದರಿಂದ ಹೊಸ ಬಾಕ್ಸ್ ಕೊಂಡವರಿಗೂ ತೊಂದರೆಯಾಯಿತು. ಗಾಳಿಯಲ್ಲಿ ಉಚಿತವಾಗಿ ಬರುವುದಕ್ಕೆ ಬೀಗ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ನಮ್ಮಲ್ಲಿ ಇದೇ ಪದ್ಧತಿಯನ್ನು ನೇರ ಮೊಬೈಲಿಗೆ ತರುವ ಪ್ರಯತ್ನ. ಪ್ರಸಾರ ಭಾರತಿ, ಐಐಟಿ ಕಾನ್ಪುರ, ಬೆಂಗಳೂರಿನ ಚಿಪ್ ಕಂಪನಿ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಕೆಲಸ ಮಾಡಿವೆ. 19 ನಗರಗಳಲ್ಲಿ ಪರೀಕ್ಷೆ ಮಾಡುವುದಾಗಿ 2024ರ ಜನವರಿಯಲ್ಲಿ ಸರ್ಕಾರದ ಕಡೆಯಿಂದ ಹೇಳಿದ್ದರು. ಒಂದೇ ಟವರ್‌ನಿಂದ ಲಕ್ಷ ಜನ ನೋಡಿದರೂ ನೆಟ್‌ವರ್ಕ್ ಜಾಮ್ ಆಗುವುದಿಲ್ಲ. ನೆರೆ ಬಂದಾಗ ಎಚ್ಚರಿಕೆ ಕೊಡಲಿಕ್ಕೂ ಆಗುತ್ತದೆ. ವರದಾ ನದಿ ದಂಡೆಯ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ, ಅಲ್ವಾ? ಆದರೆ ಫೋನಿನಲ್ಲಿ ಅದಕ್ಕಂತಲೇ ಚಿಪ್ ಇರಬೇಕು, ಇಲ್ಲವೇ ಡಾಂಗಲ್ ಸಿಗಿಸಬೇಕು. ಬೇಕಾಗುವ ತರಂಗಗಳನ್ನು ಮೊಬೈಲ್ ಕಂಪನಿಗಳೂ ಕೇಳುತ್ತಿವೆ. ಈ ಸಲವಾದರೂ ಟವರ್ ಮೊದಲು ಸಣ್ಣ ಊರಿಗೆ ಬರಲಿ, ಅಗ್ಗದ ಫೋನಿಗೂ ಚಿಪ್ ಸಿಗಲಿ ಅನ್ನೋದು ನನ್ನ ಆಸೆ.

ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದ್ದು ಒಂದೇ: "ಹಂಗಾರ ಆ ಹಳೇ ಆ್ಯಂಟೆನಾ ಮತ್ತ ಏರಿಸೋದೇನು?" ಆಗುವುದಿಲ್ಲ. ಅದರ ಉದ್ದದ ಕಡ್ಡಿಗಳು ಹಳೇ ತರಂಗದ ಅಳತೆಗೆ ಮಾಡಿದವು, ಹೊಸದಕ್ಕೆ ಗಿಡ್ಡ ಕಡ್ಡಿ ಬೇಕು. ಸದ್ಯಕ್ಕೆ ಡಿಶ್ ಬುಟ್ಟಿ ಇದ್ದಲ್ಲೇ ಇರಲಿ, ಏನೂ ಕೊಳ್ಳಬೇಡ ಅಂದೆ.