ಗೊಂಡೋಲಾ: ನೀರು ಬಿಟ್ಟು ಬೆಟ್ಟ ಹತ್ತಿದ ದೋಣಿ

ಕಾಶ್ಮೀರ ಪ್ರವಾಸ ಮುಗಿಸಿ ಬಂದವರನ್ನು ಕೇಳುವ ಪ್ರಶ್ನೆ ಒಂದೇ: ‘ಗುಲ್ಮಾರ್ಗ್‌ನಲ್ಲಿ ಗೊಂಡೋಲಾ ಹತ್ತಿದ್ರಾ?’ ಅಲ್ಲಿ ಗೊಂಡೋಲಾ ಅಂದರೆ ತಂತಿಗೆ ನೇತುಬಿದ್ದು ಹಿಮದ ಬೆಟ್ಟ ಏರುವ ಡಬ್ಬಿ. ಇಟಲಿಯ ವೆನಿಸ್‌ನಲ್ಲಿ ಅದೇ ಹೆಸರು ಒಂದು ಕಪ್ಪು ದೋಣಿಗೆ. ಹೆಸರು ಮೊದಲು ದೋಣಿಯದ್ದೇ.

ಈ ಪದ ಬರಹದಲ್ಲಿ ಸಿಗುವುದು 1094ರಿಂದ. ವೆನಿಸ್ ಗಣರಾಜ್ಯದ ಮುಖ್ಯಸ್ಥನನ್ನು ದೋಜೆ ಎನ್ನುತ್ತಿದ್ದರು. ಆಗಿನ ದೋಜೆ ವಿತಾಲೆ ಫಾಲಿಯೆರ್ ಹೊರಡಿಸಿದ ಒಂದು ಪತ್ರದಲ್ಲಿ ‘ಗೊಂಡುಲಂ’ ಎಂದಿದೆ. ಅದಕ್ಕೂ ಹಿಂದೆ ಎಲ್ಲಿಂದ ಬಂತು? ಇಲ್ಲಿ ಪಂಡಿತರ ಜಗಳ ಶುರು. ತೂಗಾಡು ಎಂಬ ಅರ್ಥದ ಇಟಾಲಿಯನ್ ‘ದೊಂದೊಲಾರೆ’ಯಿಂದ ಬಂತು ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ‘ದ’ ಹೋಗಿ ‘ಗ’ ಆದದ್ದು ಹೇಗೆ? ಲ್ಯಾಟಿನ್‌ನಲ್ಲಿ ಚಿಕ್ಕ ದೋಣಿಗೆ ‘ಕಿಂಬುಲಾ’ ಎನ್ನುವುದುಂಟು, ಅದೇ ಮೂಲ ಅನ್ನುವವರೂ ಇದ್ದಾರೆ. ಇನ್ನು ಗ್ರೀಕ್‌ನಲ್ಲಿ ಕುಡಿಯುವ ಪಾತ್ರೆಗೆ ‘ಕೊಂಡಿ’ ಎಂಬ ಪದವಿತ್ತು (ನಮ್ಮ ಬಾಗಿಲ ಕೊಂಡಿಗೂ ಅದಕ್ಕೂ ಸಂಬಂಧವಿಲ್ಲ!). ‘ಕೊಂಟೂರಾ’ ಎಂಬ ಮೊಂಡುಬಾಲದ ದೋಣಿಯೂ ಇತ್ತು. ವೆನಿಸ್‌ಗೆ ಗ್ರೀಕ್ ಮಾತಾಡುವ ಕಾನ್‌ಸ್ಟಾಂಟಿನೋಪಲ್ ಜೊತೆ ಆಗ ಜಾಸ್ತಿ ವ್ಯವಹಾರವಿತ್ತು. ಹಾಗಾಗಿ ನನಗೆ ಗ್ರೀಕ್ ಕಡೆಗೇ ಒಲವು. ತೀರ್ಪು ಮಾತ್ರ ಇನ್ನೂ ಆಗಿಲ್ಲ.

ದೋಣಿಯೂ ಹೆಸರಿನಷ್ಟೇ ವಿಚಿತ್ರ. ಸುಮಾರು 11 ಮೀಟರ್ ಉದ್ದ, ಆದರೆ ಎಡಬಲ ಸಮ ಇಲ್ಲ. ಅಂಬಿಗ ಹಿಂದೆ ನಿಂತು ಬಲಗಡೆ ಒಂದೇ ಹುಟ್ಟು ಹಾಕುತ್ತಾನೆ. ಎರಡೂ ಕಡೆ ಸಮ ಇದ್ದರೆ ದೋಣಿ ಸುಮ್ನೆ ಎಡಕ್ಕೇ ತಿರುಗುತ್ತಾ ಇರುತ್ತದೆ, ಅಲ್ವಾ? ಅದಕ್ಕೇ ಎಡಭಾಗವನ್ನು ಬಲಭಾಗಕ್ಕಿಂತ ಸುಮಾರು 24 ಸೆಂಟಿಮೀಟರ್ ಹೆಚ್ಚು ಅಗಲ ಮಾಡಿ ಕಟ್ಟುತ್ತಾರೆ. ಕಪ್ಪು ಬಣ್ಣ ಬಂದದ್ದು ಸಿರಿವಂತರ ಆಡಂಬರಕ್ಕೆ ಸರ್ಕಾರ ಹಾಕಿದ ಕಡಿವಾಣದಿಂದ.

ಆಮೇಲೆ ಪದ ಊರು ಬಿಟ್ಟಿತು. ಅಮೆರಿಕದಲ್ಲಿ ಚಪ್ಪಟೆ ತಳದ ದೋಣಿಗಳಿಗೂ ಅದೇ ಹೆಸರಾಯಿತು. 1776ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಶಾಂಪ್ಲೇನ್ ಸರೋವರದಲ್ಲಿ ಮುಳುಗಿದ ‘ಫಿಲಡೆಲ್ಫಿಯಾ’, ಫಿರಂಗಿ ಹೊತ್ತ ಗೊಂಡೋಲಾ. ಅಲ್ಲಿ ಮೇಲ್ಛಾವಣಿ ಇಲ್ಲದ ರೈಲು ವ್ಯಾಗನ್ನಿಗೂ ಇವತ್ತಿಗೂ ಗೊಂಡೋಲಾ ಎಂದೇ ಹೆಸರು.

ಆಕಾಶಕ್ಕೆ ಏರಿದ್ದು ಬಲೂನುಗಳ ಜೊತೆ. ಕೆಳಗೆ ತೂಗುವ ತೊಟ್ಟಿ ನೋಡಲು ದೋಣಿಯಂತಿತ್ತು. 1900ರ ಜುಲೈನಲ್ಲಿ ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ಮೇಲೆ ಮೊದಲ ಜೆಪ್ಪೆಲಿನ್ (ಅನಿಲ ತುಂಬಿದ ಭಾರೀ ವಾಯುನೌಕೆ) ಹಾರಿತಲ್ಲ, ಅದರ ಹೊಟ್ಟೆಯಡಿ ಇದ್ದದ್ದು ಎರಡು ಗೊಂಡೋಲಾ. ಹಾರಾಟ ಮುಗಿಸಿ ಅದು ಇಳಿದದ್ದೂ ನೀರಿಗೇ. ತೂಗುವ ಡಬ್ಬಿಗೆ ಆ ಹೆಸರು ಒಮ್ಮೆ ಅಂಟಿದ ಮೇಲೆ ತಂತಿ ಮೇಲಿನ ಡಬ್ಬಿಗೆ ಅಂಟುವುದು ಕಷ್ಟವೇನಲ್ಲ. ಗುಲ್ಮಾರ್ಗ್‌ನ ಮೊದಲ ಹಂತ 1998ರಲ್ಲಿ ಶುರುವಾಯಿತು. 2005ರ ಎರಡನೇ ಹಂತ ಹತ್ತಿರಹತ್ತಿರ 4,000 ಮೀಟರ್ ಎತ್ತರಕ್ಕೆ ಕರೆದೊಯ್ಯುತ್ತದೆ. ಗಾಜಿನ ಕಟ್ಟಡ ಒರೆಸುವವರು ನಿಲ್ಲುವ ತೂಗುಅಟ್ಟಣಿಗೆಯೂ ಗೊಂಡೋಲಾ.

ಸೂಪರ್ ಮಾರ್ಕೆಟ್ಟಿನಲ್ಲಿ ಎರಡೂ ಕಡೆಯಿಂದ ಸಾಮಾನು ತೆಗೆಯಬಹುದಾದ ರ‍್ಯಾಕ್‌ಗೂ ಅಂಗಡಿಯವರ ಭಾಷೆಯಲ್ಲಿ ಅದೇ ಹೆಸರು. ಅದು ತೇಲುವುದೂ ಇಲ್ಲ, ತೂಗುವುದೂ ಇಲ್ಲ.